‘ರಗತ ಕಮ್ಮಿ ಅದ’: ವಾಡಿ ಜಂಕ್ಷನ್‌ನಿಂದ ಮೂತ್ರಪಿಂಡದವರೆಗೆ ಒಂದು ಹಾರ್ಮೋನಿನ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬಸ್ಸಿನಲ್ಲಿ ಇದ್ದೀರೋ, ಹಾಸ್ಟೆಲ್ ರೂಮಿನಲ್ಲಿ ಇದ್ದೀರೋ ಗೊತ್ತಿಲ್ಲ. ಇಯರ್‌ಫೋನ್ ಸರಿ ಮಾಡ್ಕೊಳ್ಳಿ, ಇವತ್ತು ನಿಮ್ಮ ರಕ್ತದ ಇತಿಹಾಸ ಹೇಳ್ತೀನಿ.

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಯಾವುದಾದರೂ ಆಸ್ಪತ್ರೆಯ ಒಪಿಡಿ ಮುಂದೆ ಅರ್ಧ ಗಂಟೆ ಕುಳಿತರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ‘ರಗತ ಕಮ್ಮಿ ಅದ ಅಂದ್ರು.’ ಬಸುರಿಯಾದ ಅಕ್ಕನಿಗೂ ಅದೇ ಮಾತು, ಪಿಯುಸಿ ಓದುವ ಹುಡುಗಿಗೂ ಅದೇ, ಡಯಾಲಿಸಿಸ್‌ಗೆ ಬಂದ ಕಾಕಾನಿಗೂ ಅದೇ. ಕೇಳೋಕೆ ಒಂದೇ ಕಾಯಿಲೆ. ಆದರೆ ಈ ಮೂವರ ದೇಹದೊಳಗೆ ನಡೆಯುತ್ತಿರೋದು ಒಂದೇ ಅಲ್ಲ.

ನನಗೆ ಈ ವಿಷಯ ಹತ್ತಿದ್ದು ನಮ್ಮ ಕಾಕಾನಿಂದ. ಶಹಾಬಾದ್ ಕಡೆ ಕಲ್ಲಿನ ಗಣಿಯಲ್ಲಿ ದುಡಿದವರು. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಹೋಯಿತು. ಡಯಾಲಿಸಿಸ್ ಶುರುವಾದ ಮೇಲೂ ಮನೆಯಿಂದ ಓಣಿಯ ತುದಿಗೆ ನಡೆದರೆ ದಮ್ಮು ಹತ್ತೋದು. ಆಮೇಲೆ ವಾರಕ್ಕೊಂದು ಸಣ್ಣ ಇಂಜೆಕ್ಷನ್ ಶುರು ಮಾಡಿದರು. ಒಂದೆರಡು ತಿಂಗಳಲ್ಲಿ ಕಾಕಾ ತಾವೇ ಬಸ್ ಸ್ಟ್ಯಾಂಡಿಗೆ ನಡೆದು ಹೋಗುವಂತಾದರು. ‘ಇದು ರಗತದ ಇಂಜೆಕ್ಷನ್ ಏನವ್ವ?’ ಅಂತ ಅವರು ನರ್ಸ್‌ಗೆ ಕೇಳಿದರು. ಆಕೆ ನಕ್ಕು ಹೇಳಿದಳು: ‘ರಗತ ಅಲ್ಲ ಕಾಕಾ. ರಗತ ಮಾಡು ಅಂತ ಎಲುಬಿಗೆ ಹೇಳೋ ಚೀಟಿ.’

ಆ ಚೀಟಿಯ ಹೆಸರು ಎರಿತ್ರೊಪೊಯೆಟಿನ್. ಚಿಕ್ಕದಾಗಿ ಇಪಿಒ. ಅದನ್ನು ಹುಡುಕೋಕೆ ಮನುಷ್ಯರಿಗೆ ಸುಮಾರು ನೂರು ವರ್ಷ ಹಿಡಿಯಿತು.

ವಾಡಿಯಲ್ಲಿ ಇಳಿದು ಹೈದರಾಬಾದಿಗೆ

ಕಥೆಯನ್ನು ನಮ್ಮ ರೈಲಿನಿಂದಲೇ ಶುರು ಮಾಡೋಣ. ಮುಂಬೈಯಿಂದ ಶಹಾಬಾದ್, ವಾಡಿ ಮೇಲೆ ರಾಯಚೂರಿಗೆ ಹೋಗುವ ಹಳಿ 1871ರಲ್ಲಿ ಪೂರ್ತಿಯಾಯಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರು ಹಾದು ಸಿಕಂದರಾಬಾದಿಗೆ ನಿಜಾಮರ ರೈಲು ಬಂತು. ನಮ್ಮ ಐದು ಊರುಗಳಲ್ಲಿ ಚಿಂಚೋಳಿ ಒಂದನ್ನು ಬಿಟ್ಟು ಉಳಿದ ನಾಲ್ಕೂ ಆಗಲೇ ರೈಲು ಕಂಡವು. ಆಗ ಇದೆಲ್ಲ ಹೈದರಾಬಾದ್ ಸಂಸ್ಥಾನ. ಮುಂಬೈ ಬಂದರಿನಲ್ಲಿ ಇಳಿದ ಯಾರೇ ಆಗಲಿ, ಹೈದರಾಬಾದಿಗೆ ರೈಲಿನಲ್ಲಿ ಹೋಗಬೇಕಾದರೆ ವಾಡಿಯೇ ದಾರಿ.

1889ರಲ್ಲಿ ಲಂಡನ್ನಿನ ಹೆಸರಾಂತ ವೈದ್ಯ ಲಾಡರ್ ಬ್ರಂಟನ್ ಹೈದರಾಬಾದಿಗೆ ಬಂದರು. ಕರೆಸಿದ್ದು ಅಲ್ಲಿನ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿ. ಖರ್ಚಿಗೆ ಹಣ ಕೊಟ್ಟದ್ದು ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಅವರ ಸರ್ಕಾರ. ಪ್ರಶ್ನೆ ಇಷ್ಟು: ಶಸ್ತ್ರಚಿಕಿತ್ಸೆಗೆ ಕ್ಲೋರೋಫಾರ್ಮ್ ಕೊಟ್ಟಾಗ ಕೆಲವರು ಸಾಯುತ್ತಾರಲ್ಲ, ಮೊದಲು ನಿಲ್ಲೋದು ಉಸಿರೋ, ಹೃದಯವೋ? 1888ರಲ್ಲಿ ಒಂದು ಆಯೋಗ, 1889ರಲ್ಲಿ ಇನ್ನೊಂದು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆಯಿತು. ಹೈದರಾಬಾದ್ ವೈದ್ಯಕೀಯ ಶಾಲೆಯ ವಿದ್ಯಾರ್ಥಿಗಳೂ ಆ ಕೆಲಸದಲ್ಲಿ ಇದ್ದರು. ಮುಂದೆ ಅರಿವಳಿಕೆ ವೈದ್ಯೆಯಾಗಿ ಹೆಸರಾದ ರೂಪಾಬಾಯಿ ಫರ್ದೂನ್‌ಜಿ ಬೆಳೆದು ಬಂದದ್ದು ಇದೇ ಶಾಲೆಯಿಂದ.

ಆಯೋಗ ‘ಉಸಿರನ್ನು ನೋಡಿಕೊಳ್ಳಿ, ನಾಡಿಯ ಚಿಂತೆ ಬೇಡ’ ಎಂದಿತು. ಇದು ಪೂರ್ತಿ ಸರಿಯಲ್ಲ. ಕ್ಲೋರೋಫಾರ್ಮ್ ನೇರವಾಗಿ ಹೃದಯದ ಲಯವನ್ನೇ ಕೆಡಿಸಿ ಕೊಲ್ಲಬಲ್ಲದು ಅಂತ 1911ರಲ್ಲಿ ಗುಡ್‌ಮನ್ ಲೆವಿ ತೋರಿಸಿದರು. ಆದರೂ ಉಸಿರು ನಿಂತರೆ ದೇಹದೊಳಗೆ ಏನಾಗುತ್ತದೆ ಅನ್ನೋ ಪ್ರಶ್ನೆಯನ್ನು ಇಡೀ ಜಗತ್ತಿನ ವೈದ್ಯರ ಮುಂದೆ ಇಟ್ಟಿದ್ದು ನಮ್ಮ ಸಂಸ್ಥಾನದ ರಾಜಧಾನಿ. ಅಲ್ಲಿ ಲೆಕ್ಕ ನಿಮಿಷಗಳದ್ದು. ಅದೇ ಹೊತ್ತಿಗೆ ಭೂಮಿಯ ಇನ್ನೊಂದು ಬದಿಯಲ್ಲಿ ಒಬ್ಬ ಫ್ರೆಂಚ್ ವೈದ್ಯ ವಾರಗಳ ಲೆಕ್ಕ ಹಾಕುತ್ತಿದ್ದ.

ಬೆಟ್ಟದ ಮೇಲೆ ಎಣಿಸಿದ ರಕ್ತಕಣ

ಅವನ ಹೆಸರು ಫ್ರಾಂಸ್ವಾ ಜಿಲ್ಬೆರ್ ವಿಯೋ. ದಕ್ಷಿಣ ಅಮೆರಿಕದ ಪೆರು ದೇಶದ ಮೊರೊಕೊಚ ಎಂಬ ಗಣಿ ಊರಿಗೆ ಹೋದ. ಆ ಊರು ಸಮುದ್ರ ಮಟ್ಟದಿಂದ 4,000 ಮೀಟರ್‌ಗೂ ಎತ್ತರದಲ್ಲಿದೆ. ಹೋಲಿಕೆಗೆ ಹೇಳೋದಾದರೆ ನಮ್ಮ ವಾಡಿ, ಸೇಡಂ ಎಲ್ಲ ಹೆಚ್ಚೂಕಡಿಮೆ 400ರಿಂದ 450 ಮೀಟರ್. ಹತ್ತು ಪಟ್ಟು ವ್ಯತ್ಯಾಸ. ಅಷ್ಟು ಮೇಲೆ ಗಾಳಿ ತೆಳು, ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ಕಡಿಮೆ.

ವಿಯೋ ತನ್ನ ಬೆರಳು ಚುಚ್ಚಿ ರಕ್ತ ತೆಗೆದು ಸೂಕ್ಷ್ಮದರ್ಶಕದಲ್ಲಿ ಎಣಿಸಿದ. ಕೆಳಗಿದ್ದಾಗ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು 50 ಲಕ್ಷ ಕೆಂಪು ಕಣ. ಬೆಟ್ಟದ ಮೇಲೆ ಎರಡು ವಾರ ಕಳೆದ ಮೇಲೆ 71 ಲಕ್ಷ. ಆಮೇಲೆ 80 ಲಕ್ಷ. 1890ರಲ್ಲಿ ಇದನ್ನು ಪ್ರಕಟಿಸಿದ. ಇವತ್ತಿಗೆ ಗೊತ್ತಿರೋ ಪ್ರಕಾರ, ಆ ಏರಿಕೆಯಲ್ಲಿ ಒಂದು ಪಾಲು ರಕ್ತದ ನೀರಿನಂಶ ಇಂಗಿದ್ದರಿಂದ ಬಂದದ್ದು. ಉಳಿದದ್ದು ಮಾತ್ರ ನಿಜವಾಗಿ ಹೊಸ ಕಣ. ಏನೇ ಇರಲಿ, ಗಾಳಿ ಕಮ್ಮಿಯಾದರೆ ದೇಹ ರಕ್ತ ಹೆಚ್ಚಿಸುತ್ತದೆ ಅನ್ನೋದು ಅಂಕಿಯಲ್ಲಿ ಸಿಕ್ಕಿತು.

ಹಾಗಾದರೆ ಹೆಚ್ಚಿಸು ಅಂತ ಹೇಳಿದವರು ಯಾರು? ಕೆಂಪು ಕಣ ಹುಟ್ಟೋದು ಎಲುಬಿನೊಳಗಿನ ಮಜ್ಜೆಯಲ್ಲಿ. ಆಮ್ಲಜನಕ ಕಮ್ಮಿಯಾದದ್ದು ಮಜ್ಜೆಗೇ ನೇರವಾಗಿ ತಿಳಿಯುತ್ತದೆ ಅಂತ ಬಹಳ ಜನ ನಂಬಿದ್ದರು. 1906ರಲ್ಲಿ ಪ್ಯಾರಿಸ್‌ನ ಪಾಲ್ ಕಾರ್ನೊ ಮತ್ತು ಕ್ಲೋಟಿಲ್ಡ್ ದೆಫ್ಲಾಂದ್ರ್ ಬೇರೆ ಮಾತು ಹೇಳಿದರು. ಒಂದು ಮೊಲದ ರಕ್ತ ತೆಗೆದರು. ರಕ್ತ ಕಳಕೊಂಡ ಆ ಮೊಲದ ಸೀರಮ್ ಅನ್ನು ಇನ್ನೊಂದು ಆರೋಗ್ಯವಂತ ಮೊಲಕ್ಕೆ ಚುಚ್ಚಿದರು. ಎರಡನೆಯದರಲ್ಲಿ ಕೆಂಪು ಕಣ ಏರಿತು. ಅಂದರೆ ಸುದ್ದಿ ರಕ್ತದಲ್ಲೇ ಹರಿದು ಹೋಗುತ್ತಿದೆ! ಆದರೆ ಬೇರೆಯವರು ಮಾಡಿದಾಗ ಪ್ರಯೋಗ ಸರಿಯಾಗಿ ಬರಲಿಲ್ಲ. ಮುಂದಿನ ನಲವತ್ತು ವರ್ಷ ಯಾರೂ ಗಟ್ಟಿಯಾಗಿ ನಂಬಲಿಲ್ಲ.

1948ರಲ್ಲಿ ಫಿನ್‌ಲೆಂಡಿನ ಇಬ್ಬರು ಮಹಿಳಾ ವಿಜ್ಞಾನಿಗಳು, ಈವಾ ಬೋನ್ಸ್‌ಡಾರ್ಫ್ ಮತ್ತು ಈವಾ ಯಾಲವಿಸ್ತೊ, ಕಾಣದ ಆ ವಸ್ತುವಿಗೆ ಎರಿತ್ರೊಪೊಯೆಟಿನ್ ಅಂತ ಹೆಸರಿಟ್ಟರು. ಅದೇ 1948ರ ಸೆಪ್ಟೆಂಬರ್‌ನಲ್ಲಿ ನಮ್ಮ ಕಡೆ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. 1950ರಲ್ಲಿ ಕರ್ಟ್ ರೈಸ್‌ಮನ್ ಎರಡು ಇಲಿಗಳನ್ನು ರಕ್ತ ಬೆರೆಯುವಂತೆ ಜೋಡಿಸಿ ಹೊಲಿದರು. ಒಂದಕ್ಕೆ ಮಾತ್ರ ತೆಳು ಗಾಳಿ ಕೊಟ್ಟರು. ಎರಡರ ಮಜ್ಜೆಯೂ ಕೆಲಸ ಹೆಚ್ಚಿಸಿತು! ಸಂದೇಶವನ್ನು ರಕ್ತವೇ ಹೊರುತ್ತದೆ ಅನ್ನೋದಕ್ಕೆ ಬಲವಾದ ಸಾಕ್ಷಿ ಸಿಕ್ಕಿತು. 1953ರಲ್ಲಿ ಆಲನ್ ಎರ್ಸ್ಲೆವ್ ಮೊಲಗಳಲ್ಲಿ ಅದನ್ನು ಮತ್ತೆ ಖಚಿತಪಡಿಸಿದರು.

ಕಿಡ್ನಿಯೇ ಯಾಕೆ?

ಚೀಟಿ ಇದೆ ಸರಿ, ಬರೆಯೋರು ಯಾರು? ಷಿಕಾಗೊದಲ್ಲಿ ಲಿಯಾನ್ ಜೇಕಬ್‌ಸನ್ ಮತ್ತು ಯೂಜೀನ್ ಗೋಲ್ಡ್‌ವಾಸರ್ ತಂಡ ಇಲಿಗಳ ಒಂದೊಂದೇ ಅಂಗ ತೆಗೆದು ನೋಡಿತು. ಬೇರೆ ಅಂಗ ತೆಗೆದಾಗ ಹಾರ್ಮೋನು ಬರುತ್ತಲೇ ಇತ್ತು. ಎರಡೂ ಮೂತ್ರಪಿಂಡ ತೆಗೆದಾಗ ನಿಂತಿತು. ಅದು ಬರೀ ಮೂತ್ರ ಹೋಗದೆ ವಿಷ ಸೇರಿದ್ದರಿಂದ ಆಗಿರಬಹುದಲ್ಲ? ಅದಕ್ಕೆ ಕೆಲವು ಇಲಿಗಳ ಕಿಡ್ನಿ ಉಳಿಸಿ ಮೂತ್ರನಾಳ ಮಾತ್ರ ಕಟ್ಟಿದರು. ಅವುಗಳಲ್ಲಿ ಹಾರ್ಮೋನು ಬಂತು. 1957ರಲ್ಲಿ ಉತ್ತರ ಪ್ರಕಟವಾಯಿತು: ಬರೆಯೋದು ಕಿಡ್ನಿ.

ಕೇಳಿದರೆ ವಿಚಿತ್ರ ಅನಿಸುತ್ತೆ. ಉಸಿರಾಡೋದು ಶ್ವಾಸಕೋಶ, ರಕ್ತ ಮಾಡೋದು ಎಲುಬು, ಮಧ್ಯೆ ಕಿಡ್ನಿಗೇನು ಕೆಲಸ? ಆದರೆ ಜಾಗ ಸರಿಯಾಗೇ ಇದೆ. ಹೃದಯ ಒತ್ತುವ ರಕ್ತದಲ್ಲಿ ಸುಮಾರು ಐದನೇ ಒಂದು ಪಾಲು ಕಿಡ್ನಿಗೆ ಹೋಗುತ್ತದೆ. ರಕ್ತ ಜಾಸ್ತಿ ಬಂದರೆ ಸೋಸುವ ಕೆಲಸವೂ ಜಾಸ್ತಿ, ಆ ಕೆಲಸಕ್ಕೆ ಬೇಕಾದ ಆಮ್ಲಜನಕವೂ ಜಾಸ್ತಿ. ಹಾಗಾಗಿ ರಕ್ತದ ಹರಿವು ಹೆಚ್ಚುಕಡಿಮೆಯಾದರೂ ಕಿಡ್ನಿಯೊಳಗಿನ ಆಮ್ಲಜನಕದ ಲೆಕ್ಕ ಬೇಗ ಏರುಪೇರಾಗೋದಿಲ್ಲ. ಏರುಪೇರಾದರೆ ಅದಕ್ಕೆ ಕಾರಣ ರಕ್ತವೇ ಆಮ್ಲಜನಕ ಕಡಿಮೆ ಹೊತ್ತು ತಂದಿರೋದು. ತೂಕ ನೋಡೋಕೆ ಇದಕ್ಕಿಂತ ಒಳ್ಳೆ ತಕ್ಕಡಿ ದೇಹದಲ್ಲಿ ಸಿಗೋದು ಕಷ್ಟ.

ಈಗ ವಾಡಿ ಕಡೆಯವರಿಗೆ ಅರ್ಥವಾಗೋ ಲೆಕ್ಕದಲ್ಲಿ ಹೇಳ್ತೀನಿ. ಮಜ್ಜೆ ಅನ್ನೋದು ಸಿಮೆಂಟ್ ಕಾರ್ಖಾನೆ. ದಿನವಿಡೀ ಓಡುತ್ತಿರುತ್ತದೆ. ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ಕಣ ಹೊರಗೆ ಬರುತ್ತವೆ, ಒಂದೊಂದರ ಆಯುಸ್ಸು ಸುಮಾರು 120 ದಿನ. ಕಿಡ್ನಿ ಅನ್ನೋದು ಆರ್ಡರ್ ಬರೆಯುವ ಆಫೀಸು. ಇಪಿಒ ಅಂದರೆ ಆರ್ಡರ್. ಮಜ್ಜೆಯಲ್ಲಿ ಎಳೆ ಕಣಗಳು ಯಾವಾಗಲೂ ಹುಟ್ಟುತ್ತಿರುತ್ತವೆ, ಅದರಲ್ಲಿ ಬಹಳಷ್ಟು ಬೆಳೆಯೋ ಮೊದಲೇ ಸಾಯುತ್ತವೆ. ಇಪಿಒ ಬಂದರೆ ಅವು ಉಳಿದು ಬೆಳೆಯುತ್ತವೆ. ಸುಣ್ಣಕಲ್ಲು ಅಂದರೆ ಇಲ್ಲಿ ಕಬ್ಬಿಣದ ಅಂಶ. ಆರ್ಡರ್, ಕಾರ್ಖಾನೆ, ಕಲ್ಲು ಈ ಮೂರೂ ನೆನಪಿರಲಿ. ಕೊನೆಗೆ ಬೇಕಾಗುತ್ತೆ.

ರೇಷ್ಮೆ ಬಟ್ಟೆಯ ಗಂಟು

ಕಿಡ್ನಿ ಅಂತ ಗೊತ್ತಾದರೂ ಆ ವಸ್ತುವನ್ನು ಶುದ್ಧವಾಗಿ ಕೈಗೆ ತಗೊಳ್ಳೋಕೆ ಆಗಲಿಲ್ಲ. ರಕ್ತದಲ್ಲಿ ಅದರ ಪ್ರಮಾಣ ಅಷ್ಟು ಕಡಿಮೆ. ಗೋಲ್ಡ್‌ವಾಸರ್ 1955ರಲ್ಲಿ ಹಿಡಿದ ಕೆಲಸ ಇಪ್ಪತ್ತು ವರ್ಷ ಎಳೆಯಿತು. ರಕ್ತಹೀನ ಮಾಡಿದ ಕುರಿಗಳ ರಕ್ತದಿಂದ ತೆಗೆದು ನೋಡಿದರು, ಚೂರೇ ಚೂರು ಸಿಕ್ಕಿತು.

ಆಗ ಜಪಾನಿನ ಕುಮಮೊತೊದಿಂದ ತಕಾಜಿ ಮಿಯಾಕೆ ಎಂಬ ಸಂಶೋಧಕ ಬಂದರು. ಅಪ್ಲಾಸ್ಟಿಕ್ ಅನೀಮಿಯಾ ಇರುವವರ ಮಜ್ಜೆ ಕೆಲಸ ಮಾಡೋದಿಲ್ಲ. ಕಿಡ್ನಿ ಮಾತ್ರ ಆರ್ಡರ್ ಮೇಲೆ ಆರ್ಡರ್ ಬರೆಯುತ್ತಲೇ ಇರುತ್ತದೆ, ತೆಗೆದುಕೊಳ್ಳೋರಿಲ್ಲದೆ ಹೆಚ್ಚಾದದ್ದು ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಮಿಯಾಕೆ ಅಂಥ ರೋಗಿಗಳ 2,550 ಲೀಟರ್ ಮೂತ್ರ ಕೂಡಿಹಾಕಿ, ಒಣಗಿಸಿ, ರೇಷ್ಮೆ ಬಟ್ಟೆಯಲ್ಲಿ ಗಂಟು ಕಟ್ಟಿ ಷಿಕಾಗೊಗೆ ತಂದರು. ಅದರಿಂದ ಕೊನೆಗೆ ಸಿಕ್ಕ ಶುದ್ಧ ಹಾರ್ಮೋನು ಸುಮಾರು 8 ಮಿಲಿಗ್ರಾಮ್. 1977ರಲ್ಲಿ ಪ್ರಕಟವಾಯಿತು. ಸಾಯೋ ಕಾಯಿಲೆಯಲ್ಲಿದ್ದ, ಹೆಸರು ಗೊತ್ತಿಲ್ಲದ ಆ ರೋಗಿಗಳ ಮೂತ್ರದಿಂದ ಇವತ್ತಿನ ಔಷಧ ಶುರುವಾಯಿತು.

ಅದನ್ನು ಹಿಡಿದು ಅಮೆರಿಕದ ಆಮ್ಜೆನ್ ಕಂಪನಿಯಲ್ಲಿ ತೈವಾನ್ ಮೂಲದ ಫು-ಕುಯೆನ್ ಲಿನ್ 1983ರಲ್ಲಿ ಇಪಿಒ ಜೀನ್ ಪತ್ತೆ ಮಾಡಿದರು. ಇನ್ನು ಮೂತ್ರ ಬೇಡ, ಜೀವಕೋಶಗಳಲ್ಲೇ ಬೆಳೆಸಬಹುದು. 1987ರಲ್ಲಿ ಸಿಯಾಟಲ್‌ನ ಎಶ್‌ಬಾಕ್ ಮತ್ತು ಆಡಮ್‌ಸನ್ ತಂಡ ಡಯಾಲಿಸಿಸ್ ರೋಗಿಗಳ ಮೇಲಿನ ಫಲಿತಾಂಶ ಪ್ರಕಟಿಸಿತು. ಪದೇ ಪದೇ ಬೇರೆಯವರ ರಕ್ತ ಹಾಕಿಸಿಕೊಂಡು ಬದುಕುತ್ತಿದ್ದವರಿಗೆ ಅದರ ಅಗತ್ಯವೇ ತಪ್ಪಿತು. 1989ರ ಜೂನ್ 1ರಂದು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮುಂದೆ ಬೆಂಗಳೂರಿನ ಬಯೋಕಾನ್ ಸೇರಿದಂತೆ ಭಾರತದ ಕಂಪನಿಗಳೂ ಇದನ್ನು ಮಾಡತೊಡಗಿದವು. ನಮ್ಮ ಕಾಕಾನ ತೋಳಿಗೆ ಅದು ಬಂದದ್ದು ಹೀಗೆ.

ಕಳ್ಳದಾರಿಯೂ ಹುಟ್ಟಿಕೊಂಡಿತು. ಸೈಕಲ್ ರೇಸಿನವರು ಇದನ್ನು ಚುಚ್ಚಿಕೊಂಡು ಓಡಿದರು. 1998ರ ಟೂರ್ ದ ಫ್ರಾನ್ಸ್ ಹಗರಣ, 2013ರಲ್ಲಿ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಟಿವಿಯಲ್ಲಿ ಒಪ್ಪಿಕೊಂಡದ್ದು, ನೀವು ಕೇಳಿರಬಹುದು. ಜಾಸ್ತಿಯಾದರೆ ರಕ್ತ ಗಟ್ಟಿಯಾಗುತ್ತದೆ, ಪಾರ್ಶ್ವವಾಯು ಬರಬಹುದು. ಡಯಾಲಿಸಿಸ್ ರೋಗಿಗಳಿಗೂ ವೈದ್ಯರು ಹಿಮೋಗ್ಲೋಬಿನ್ ಅನ್ನು ಆರೋಗ್ಯವಂತರಷ್ಟು ಮೇಲಕ್ಕೆ ಏರಿಸದೆ ಬಿಡೋದು ಅದಕ್ಕೇ.

ಕಿಡ್ನಿಗೆ ಗೊತ್ತಾಗೋದು ಹೇಗೆ?

ಒಂದು ಪ್ರಶ್ನೆ ಉಳಿದಿತ್ತು. ಆಮ್ಲಜನಕ ಕಮ್ಮಿ ಅಂತ ಜೀವಕೋಶಕ್ಕೆ ತಿಳಿಯೋದು ಹೇಗೆ? ಇದಕ್ಕೆ ಉತ್ತರ ಕೊಟ್ಟ ಗ್ರೆಗ್ ಸೆಮೆಂಜಾ, ವಿಲಿಯಂ ಕೇಲಿನ್, ಪೀಟರ್ ರ‍್ಯಾಟ್‌ಕ್ಲಿಫ್ ಮೂವರಿಗೆ 2019ರ ನೊಬೆಲ್ ಸಿಕ್ಕಿತು.

ಉತ್ತರ ಸರಳ. ಜೀವಕೋಶ ‘ಹಿಫ್’ ಅನ್ನೋ ಪ್ರೋಟೀನನ್ನು ಬಿಡದೆ ಮಾಡುತ್ತಲೇ ಇರುತ್ತದೆ, ಮಾಡಿದ ಕೂಡಲೇ ಹಾಳು ಮಾಡುತ್ತಲೂ ಇರುತ್ತದೆ. ಹಾಳು ಮಾಡಲು ಮೊದಲು ಅದಕ್ಕೊಂದು ಗುರುತು ಹಾಕಬೇಕು, ಆ ಗುರುತು ಹಾಕೋಕೆ ಆಮ್ಲಜನಕವೇ ಬೇಕು. ಆಮ್ಲಜನಕ ಇಲ್ಲ ಅಂದರೆ ಗುರುತು ಬೀಳೋದಿಲ್ಲ. ಹಿಫ್ ಉಳಿಯುತ್ತದೆ. ಉಳಿದದ್ದು ಹೋಗಿ ಇಪಿಒ ಜೀನ್ ಅನ್ನು ಎಬ್ಬಿಸುತ್ತದೆ. ಇದೇ ಗುರುತಿನ ಕೆಲಸವನ್ನು ತಡೆಯುವ ಮಾತ್ರೆಗಳು ಈಗ ಬಂದಿವೆ. ಭಾರತದಲ್ಲೇ ರೂಪಿಸಿದ ಡೆಸಿಡುಸ್ಟಾಟ್‌ಗೆ 2022ರಲ್ಲಿ ಒಪ್ಪಿಗೆ ಸಿಕ್ಕಿತು.

ಕರ್ನಾಟಕದಲ್ಲೇ ಇದಕ್ಕೊಂದು ನಂಟಿದೆ. ಚಳಿಗಾಲದಲ್ಲಿ ನಮ್ಮ ಊರುಗಳಿಗೆ ಸ್ವೆಟರ್ ಮಾರಲು ಬರುವ ಟಿಬೆಟಿಯನ್ನರನ್ನು ನೋಡಿದ್ದೀರಲ್ಲ? 1960ರ ದಶಕದಿಂದ ಬೈಲಕುಪ್ಪೆ, ಮುಂಡಗೋಡದಲ್ಲಿ ನೆಲೆಸಿರುವ ಸಮುದಾಯ. ಟಿಬೆಟಿಯನ್ನರಲ್ಲಿ ಬಹಳ ಜನರಿಗೆ ಹಿಫ್ ಕುಟುಂಬದ ಒಂದು ಜೀನ್ ಬೇರೆ ರೂಪದಲ್ಲಿದೆ ಅಂತ 2010ರಲ್ಲಿ ಗೊತ್ತಾಯಿತು. ನಾವು ಬೆಟ್ಟ ಹತ್ತಿ ತಿಂಗಳುಗಟ್ಟಲೆ ಇದ್ದರೆ ರಕ್ತ ಗಟ್ಟಿಯಾಗುವಷ್ಟು ಕಣ ಹೆಚ್ಚುತ್ತವೆ. ಅವರಲ್ಲಿ ಅಷ್ಟು ಏರೋದಿಲ್ಲ. ಎತ್ತರದಲ್ಲಿ ತಲೆಮಾರುಗಟ್ಟಲೆ ಬದುಕೋಕೆ ರಕ್ತ ಹೆಚ್ಚಿಸೋದೇ ದಾರಿಯಲ್ಲ, ಅತಿಯಾದರೆ ಅದೂ ಕೇಡು ಅಂತ ಅವರ ದೇಹ ಕಲಿತಿದೆ.

ಇನ್ನೊಂದು ಮಾತು. 2021ರಲ್ಲಿ ಕೊರೊನಾ ಎರಡನೇ ಅಲೆ ಬಂದಾಗ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ 88, 85 ಅಂತ ನೋಡಿ ನಡುಗಿದವರು ನಾವು. ಆಗ ಈ ಹಾರ್ಮೋನು ಯಾಕೆ ಕಾಪಾಡಲಿಲ್ಲ? ಕಿಡ್ನಿ ಕೆಲವೇ ಗಂಟೆಗಳಲ್ಲಿ ಆರ್ಡರ್ ಬರೆಯುತ್ತದೆ. ಆದರೆ ಹೊಸ ಕಣ ರಕ್ತಕ್ಕೆ ಬರೋಕೆ ಮೂರು-ನಾಲ್ಕು ದಿನ, ಲೆಕ್ಕಕ್ಕೆ ಸಿಗುವಷ್ಟಾಗೋಕೆ ವಾರಗಳು. ಮೇಲಾಗಿ ಶ್ವಾಸಕೋಶದಲ್ಲಿ ಆಮ್ಲಜನಕ ತುಂಬಿಕೊಳ್ಳೋಕೇ ಆಗದಿದ್ದರೆ ಲಾರಿಗಳು ಹೆಚ್ಚಾದರೂ ಖಾಲಿ ಓಡುತ್ತವೆ. ಅದಕ್ಕೇ ಅವತ್ತು ಬೇಕಾಗಿದ್ದು ಸಿಲಿಂಡರ್.

ಮತ್ತೆ ಒಪಿಡಿ ಮುಂದೆ

ಈಗ ಶುರುವಿನ ಮೂವರ ಹತ್ತಿರ ಬರೋಣ.

ಕಾಕಾನಲ್ಲಿ ಕೆಟ್ಟಿದ್ದು ಆಫೀಸು. ಕಾರ್ಖಾನೆ ಇದೆ, ಆರ್ಡರ್ ಬರೆಯೋರಿಲ್ಲ. ಅವರಿಗೆ ಬರೀ ಕಬ್ಬಿಣದ ಮಾತ್ರೆ ಸಾಲದು, ಆರ್ಡರ್ ಹೊರಗಿನಿಂದ ಕೊಡಬೇಕು. ಡಯಾಲಿಸಿಸ್ ಈಗ ತಾಲ್ಲೂಕು ಮಟ್ಟದವರೆಗೂ ಬಂದಿದೆ. ಆದರೆ ಈ ಇಂಜೆಕ್ಷನ್ ತಪ್ಪಿದರೆ ಆ ಮನುಷ್ಯ ಬದುಕಿದ್ದೂ ಹಾಸಿಗೆ ಬಿಟ್ಟು ಏಳಲಾರ. ಹಾಗಾಗಿ ಮನೆಯಲ್ಲಿ ಕಿಡ್ನಿ ರೋಗಿ ಇದ್ದರೆ ‘ಹಿಮೋಗ್ಲೋಬಿನ್ ಎಷ್ಟಿದೆ, ಈ ಇಂಜೆಕ್ಷನ್ ಬೇಕಾ?’ ಅಂತ ಕೇಳಿ. ಕೇಳೋದು ನಿಮ್ಮ ಹಕ್ಕು.

ಅಕ್ಕನಲ್ಲಿ, ಆ ಹುಡುಗಿಯಲ್ಲಿ ಹಾಗಲ್ಲ. ಅವರ ಕಿಡ್ನಿ ಗಟ್ಟಿಯಾಗಿದೆ. ಆರ್ಡರ್ ಹಗಲೂ ರಾತ್ರಿ ಹೋಗುತ್ತಿದೆ, ಮಾಮೂಲಿಗಿಂತ ಎಷ್ಟೋ ಪಟ್ಟು ಜಾಸ್ತಿ. ಕಾರ್ಖಾನೆಯೂ ತಯಾರಿದೆ. ಕಲ್ಲೇ ಬಂದಿಲ್ಲ! ದೇಹದಲ್ಲಿರೋ ಒಟ್ಟು ಕಬ್ಬಿಣವೇ 3ರಿಂದ 4 ಗ್ರಾಮ್. ಒಂದು ಬಸುರಿಗೆ ಸುಮಾರು 1 ಗ್ರಾಮ್ ಹೆಚ್ಚು ಬೇಕು. ದಿನಕ್ಕೆ ಊಟದಿಂದ ಹೀರಿಕೊಳ್ಳೋದು ಒಂದೆರಡು ಮಿಲಿಗ್ರಾಮ್ ಮಾತ್ರ. ಊಟವೇ ಸಾಲದಿದ್ದರೆ ಎಲ್ಲಿಂದ ತರಬೇಕು?

ಇದು ಒಬ್ಬಿಬ್ಬರ ಕಥೆಯಲ್ಲ. 2019ರಿಂದ 2021ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 47.8 ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5 ಮಂದಿಗೆ ರಕ್ತಹೀನತೆ. 2021ರ ಡಿಸೆಂಬರ್‌ನಲ್ಲಿ ಕಲಬುರಗಿ ಸೇರಿ ಏಳು ಜಿಲ್ಲೆಗಳ ಶಾಲೆಗಳ ಬಿಸಿಯೂಟದಲ್ಲಿ ಮೊಟ್ಟೆ ಕೊಡೋಕೆ ಶುರು ಮಾಡಿದಾಗ ಎಷ್ಟು ಗಲಾಟೆ ಆಯಿತು, ನೆನಪಿದೆಯಾ? ಆಗ ಆ ಶಾಲೆಗಳಲ್ಲಿ ಓದುತ್ತಿದ್ದವರು ನಿಮ್ಮಲ್ಲೂ ಇರಬಹುದು. ಗಲಾಟೆಯಲ್ಲಿ ಯಾವ ಜಾತಿ ಏನು ತಿನ್ನುತ್ತದೆ ಅನ್ನೋ ಮಾತು ಬಂತು. ಆ ಮಕ್ಕಳ ಕಿಡ್ನಿ ದಿನವೂ ಬರೆದು ಕಳಿಸುತ್ತಿದ್ದ ಆರ್ಡರ್‌ನ ಮಾತು ಯಾರೂ ಆಡಲಿಲ್ಲ.

ಶಾಲೆ, ಕಾಲೇಜು, ಅಂಗನವಾಡಿಯಲ್ಲಿ ವಾರಕ್ಕೊಮ್ಮೆ ಕೊಡೋ ನೀಲಿ ಮಾತ್ರೆಯನ್ನು ಬಹಳ ಹುಡುಗಿಯರು ಚೀಲಕ್ಕೆ ಹಾಕ್ಕೊಂಡು ಬರ್ತಾರೆ, ನುಂಗೋದಿಲ್ಲ. ಹೊಟ್ಟೆ ತೊಳಸುತ್ತೆ, ಮಲ ಕಪ್ಪಾಗುತ್ತೆ ಅನ್ನೋ ಹೆದರಿಕೆ. ಕಪ್ಪಾಗೋದು ಸಹಜ. ಊಟ ಆದ ಮೇಲೆ ನುಂಗಿದರೆ ತೊಳಸೋದು ಕಡಿಮೆಯಾಗುತ್ತೆ. ಊಟದ ಜೊತೆಗೇ ಚಹಾ ಕುಡಿದರೆ ಕಬ್ಬಿಣ ಸರಿಯಾಗಿ ಹತ್ತೋದಿಲ್ಲ, ಒಂದು ಗಂಟೆ ಬಿಟ್ಟು ಕುಡಿಯಿರಿ. ರೊಟ್ಟಿ, ಬ್ಯಾಳಿ, ಪಲ್ಲೆ ಮೇಲೆ ಲಿಂಬೆಹಣ್ಣು ಹಿಂಡಿಕೊಂಡರೆ ಒಳ್ಳೇದು.

ನಾಲ್ಕನೆಯವರೂ ಒಬ್ಬರಿದ್ದಾರೆ, ಅವರಿಗೆ ‘ರಗತ ಕಮ್ಮಿ’ ಅಂತ ಯಾರೂ ಹೇಳೋದಿಲ್ಲ. ವರ್ಷಗಟ್ಟಲೆ ಧೂಳು, ಬೀಡಿ, ಒಲೆಯ ಹೊಗೆ ಕುಡಿದು ಶ್ವಾಸಕೋಶ ಕೆಟ್ಟವರು. ಅವರು ಇರೋದು ನಮ್ಮ 450 ಮೀಟರ್‌ನಲ್ಲೇ, ಆದರೆ ಅವರ ಕಿಡ್ನಿಗೆ ಮೊರೊಕೊಚದ ಬೆಟ್ಟದ ಮೇಲೆ ಇದ್ದ ಹಾಗೆ. ಕೆಲವರಲ್ಲಿ ಹಿಮೋಗ್ಲೋಬಿನ್ 18, 19 ತೋರಿಸುತ್ತೆ. ರಿಪೋರ್ಟ್ ನೋಡಿ ‘ರಗತ ಭಾಳ ಛಲೋ ಅದ’ ಅಂತ ಖುಷಿಪಟ್ಟರೆ ಮೋಸ ಹೋದ ಹಾಗೆ. ಅದು ದೇಹ ಉಸಿರಿಗಾಗಿ ಕೂಗ್ತಿರೋ ಗುರುತು.

ಮುಂದಿನ ಸಲ ನಿಮ್ಮ ಅವ್ವನೋ ತಂಗಿಯೋ ಆಸ್ಪತ್ರೆಯಿಂದ ಬಂದು ‘ರಗತ ಕಮ್ಮಿ ಅದ ಅಂದ್ರು’ ಅಂತ ಹೇಳಿದರೆ ಅಲ್ಲಿಗೇ ಬಿಡಬೇಡಿ. ಯಾಕೆ ಕಮ್ಮಿ ಅಂತ ಕೇಳಿ. ಕಲ್ಲು ಬಂದಿಲ್ಲವೋ, ಕಾರ್ಖಾನೆ ನಿಂತಿದೆಯೋ, ಆರ್ಡರ್ ಬರೆಯೋರಿಲ್ಲವೋ? ಮೂರಕ್ಕೂ ಬೇರೆ ಬೇರೆ ಔಷಧ. ಈ ಪ್ರಶ್ನೆಗೆ ಉತ್ತರ ಹುಡುಕೋಕೆ ನೂರು ವರ್ಷ ಹಿಡಿಯಿತು. ಡಾಕ್ಟರ್ ಹತ್ತಿರ ಕೇಳೋಕೆ ಅರ್ಧ ನಿಮಿಷ ಸಾಕು.

ಇವತ್ತಿನ ಸಂಚಿಕೆ ಇಷ್ಟು. ಮನೆಯಲ್ಲಿ ಯಾರಿಗಾದರೂ ಬೇಕು ಅನಿಸಿದರೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ.